ಅರ್ಜಿಯಲ್ಲಿ ಹೊಡೆದುಹಾಕಿದ ಊರು

“ಆಫ್ರಿಕಾ ಅಂತ ಬರೀಬೇಡಿ ಮಾರಾಯ್ರೆ. ಇವರ ಊರು ವಿಲಾಯತಿಯ ಕಾರ್ಡಿಫ್ ಅಂತೆ.”

ಬಂದರಿನಲ್ಲಿ ಅರ್ಜಿ ಬರೆಯುವ ನನ್ನ ಮೇಜಿನೆದುರು ಕುಳಿತ ಸೋಮಾಲಿ ನಾವಿಕ ಹಿಂದೂಸ್ತಾನಿಯಲ್ಲಿ ಹೇಳಿದ್ದನ್ನು, ಅವನನ್ನು ಕರೆತಂದ ಅಂಗಡಿಯ ಮೋನು ಬ್ಯಾರಿಗಳು ನನಗೆ ದಾಟಿಸಿದರು. ಜನರ ಮುಂಡು, ತಲೆವಸ್ತ್ರ ನೋಡಿಯೇ ಊರು ಬರೆದುಬಿಡುವುದು ನನ್ನ ಅಭ್ಯಾಸ. ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಇವನ ಮುಖ ನೋಡಿ ಬರೆದದ್ದನ್ನು ಹೊಡೆದುಹಾಕಿದೆ.

ಹುಟ್ಟಿದ್ದು ಬ್ರಿಟಿಷರದ್ದೇ ಆದ ಸೋಮಾಲಿಲ್ಯಾಂಡಿನಲ್ಲಿ. ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಾ ಕಾರ್ಡಿಫ್ ಸೇರಿ ಇಪ್ಪತ್ತು ವರ್ಷ. ಹೆಂಡತಿ, ಮೂವರು ಮಕ್ಕಳು ಅಲ್ಲೇ. ಈಗ ಅಲ್ಲಿ ಬಿಳಿಯರಲ್ಲದ ನಾವಿಕರನ್ನು ಪರದೇಶಿಗಳೆಂದು ದಾಖಲಿಸುತ್ತಿದ್ದಾರಂತೆ. ಹಾಗಾದರೆ ಮುಂದಿನ ಸಲ ಮನೆಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ. ಹಡಗಿಗೆ ಹೆಂಚು ತುಂಬಿ ಮುಗಿಯುವುದರೊಳಗೆ, ತಾನು ಪರದೇಶಿಯಲ್ಲವೆಂದು ಅಲ್ಲಿನ ಸರಕಾರಕ್ಕೆ ಕಳಿಸಲು ಅವನಿಗೊಂದು ಅರ್ಜಿ ಬೇಕಿತ್ತು.

“ಸಾಕ್ಷಿ ಎಂತ ಉಂಟು?” ಎಂದು ಕೇಳಿದೆ.

ಅವನು ಕೊರಳಿನ ದಾರದಿಂದ ಒಂದು ಕಬ್ಬಿಣದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟ. ಕಾರ್ಡಿಫ್‌ನ ಮನೆಯದ್ದಂತೆ.

“ಇದನ್ನು ಅರ್ಜಿಗೆ ಲಗತ್ತಿಸಲಿಕ್ಕೆ ಆಗುವುದಿಲ್ಲ” ಎಂದೆ. ಬ್ಯಾರಿಗಳು ಆ ಮಾತನ್ನು ಅವನಿಗೆ ದಾಟಿಸಲಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ. ಅರ್ಜಿ ಬರೆದುಕೊಟ್ಟೆ. ಅವನು ಬೀಗದಕೈಯನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ಹಡಗಿಗೆ ಹೋಗುವ ದೋಣಿ ಹತ್ತಿದ.

ಉತ್ತರ ಬಂತೋ ಗೊತ್ತಿಲ್ಲ. ಬಂದರೂ ಕಾರ್ಡಿಫ್‌ನ ವಿಳಾಸಕ್ಕೇ ಬರಬೇಕು. ನಾನಂತೂ ಈಗ ಎದುರು ಕುಳಿತವರನ್ನು ಕೇಳಿಯೇ ಊರು ಬರೆಯುತ್ತೇನೆ. ನಿನ್ನೆ ಪಕ್ಕದ ಮನೆಯವರು ಅರ್ಜಿ ಬರೆಸಲು ಬಂದಿದ್ದರು. ಅವರನ್ನೂ ಕೇಳಿದೆ.