ಬಾಣಂತಿ ಕೋಣೆಯ ಗಾಳಿ ಎಣಿಸಲು ಹೋದದ್ದು

ಹಂದಿಜ್ವರದ ಸುದ್ದಿ ಊರೆಲ್ಲ ಹಬ್ಬಿದ್ದ ಮಳೆಗಾಲ. ತಲಘಟ್ಟಪುರದ ನಮ್ಮ ಲ್ಯಾಬಿನಿಂದ ಬೆಳಿಗ್ಗೆಯೇ ಹೊಸ ಯಂತ್ರವನ್ನು ಹೆಗಲಿಗೇರಿಸಿ ಜಯನಗರಕ್ಕೆ ಹೊರಟೆ. ವೈರಸ್ಸನ್ನು ಹೊತ್ತು ತೇಲುವಂಥ ಸಣ್ಣ ಕಣಗಳು ಗಾಳಿಯಲ್ಲಿ ಎಷ್ಟಿವೆ ಎಂದು ಅದು ಎಣಿಸುತ್ತದೆ. ಕಣ ವೈರಸ್ಸಿನದೋ ಧೂಳಿನದೋ ಹೇಳಲಾರದು. ಆದರೂ ನನಗೆ ಅದರ ಮೇಲೆ ಪೂರ್ತಿ ನಂಬಿಕೆ.

ಬಸ್ಸಿನಲ್ಲಿ ಕಂಡಕ್ಟರ್ ಚೀಲ ತಟ್ಟಿದ. "ಏನ್ ಮೇಡಂ ಇದು?"

"ಗಾಳಿ ಅಳೆಯೋ ಮಿಷನ್ನು."

"ಗಾಳಿಗೂ ಲಗೇಜ್ ಟಿಕೆಟ್ ಆಗುತ್ತೆ," ಎಂದು ನಗುತ್ತಲೇ ಹರಿದು ಕೊಟ್ಟ. ಬನಶಂಕರಿಯಲ್ಲಿ ಇಳಿದು, ಎರಡು ಇಡ್ಲಿ ತಿಂದು, ತುಂತುರಿನಲ್ಲೇ ಇನ್ನೊಂದು ಬಸ್ಸು ಹಿಡಿದೆ.

ಆಸ್ಪತ್ರೆಯಲ್ಲಿ ಬಾಣಂತಿಯರ ಕೋಣೆಯ ಪಕ್ಕ ಒಂದು ಖಾಲಿ ಕೋಣೆ. ಮರುದಿನದಿಂದ ಜ್ವರದವರನ್ನು ಅಲ್ಲಿಗೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಬಾಣಂತಿಯರಲ್ಲಿ ನನ್ನ ಅಕ್ಕನೂ ಇದ್ದಳು, ಹಸುಗೂಸಿನ ಜೊತೆ, ಆರೈಕೆಗೆ ಅಮ್ಮ.

"ಮಧ್ಯೆ ಗೋಡೆ ಇದೆಯಲ್ಲಮ್ಮ, ಏನೂ ಆಗಲ್ಲ," ಎಂದರು ಡಾಕ್ಟರು. ಗಾಳಿ ಗೋಡೆ ದಾಟುತ್ತದೋ ಇಲ್ಲವೋ ನೋಡಿಯೇ ಬಿಡೋಣವೆಂದು ಚೀಲ ಬಿಚ್ಚಿದೆ.

ಅಕ್ಕನ ಮಂಚದ ಬಳಿ ಯಂತ್ರ ಇಟ್ಟೆ. ಬಹಳ ಹೊತ್ತು ಅಂಕಿ ಅಲುಗಲಿಲ್ಲ. ಇನ್ನೇನು ಗಂಟು ಕಟ್ಟಬೇಕು, ಅಷ್ಟರಲ್ಲಿ ಸರ್ರನೆ ಏರತೊಡಗಿತು. "ಅಯ್ಯೋ, ಬಂದೇ ಬಿಡ್ತಾ?" ಎಂದು ನರ್ಸ್ ಬಾಯಿಗೆ ಸೆರಗು ಹಿಡಿದಳು.

ಆಗ ಮೂಗಿಗೆ ಬಡಿಯಿತು, ಸಾಂಬ್ರಾಣಿ! ಓಡಿ ಹೋಗಿ ಪಕ್ಕದ ಕೋಣೆಯ ಬಾಗಿಲು ತೆರೆದೆ. ಅಮ್ಮ ಕೆಂಡದ ಮುಂದೆ ಕೂತು ಮಗುವಿನ ಕುಲಾವಿಗೆ ಹೊಗೆ ಹಿಡಿಯುತ್ತಿದ್ದಳು.

"ವಾರ್ಡಲ್ಲಿ ಹಾಕ್ಬೇಡಿ ಅಂದ್ರು ಕಣೇ. ಅದಕ್ಕೇ ಇಲ್ಲಿ ಬಾಗಿಲು ಹಾಕ್ಕೊಂಡು ಕೂತೆ."

ದಿನದ ಕೆಲಸವೆಲ್ಲ ಕೆಟ್ಟಿತೆಂದು ಮೊದಲು ಸಿಟ್ಟೇ ಬಂತು. ಮರುಕ್ಷಣ ತಲೆಯೆತ್ತಿದೆ. ಕಿಟಕಿಗಳೆಲ್ಲ ಮುಚ್ಚಿದ್ದವು, ನಾನು ತೆರೆಯುವವರೆಗೆ ಬಾಗಿಲೂ ಮುಚ್ಚಿತ್ತು. ನಡುಗೋಡೆಯ ಮೇಲಿನ ಹಳೆಯ ಜಾಲರಿಯಲ್ಲಿ ಹೊಗೆ ತಣ್ಣಗೆ ಅಕ್ಕನ ಕಡೆಗೆ ನುಸುಳುತ್ತಿತ್ತು.

ಡಾಕ್ಟರನ್ನು ಕರೆದು ತೋರಿಸಿದೆ. "ಸಾರ್, ಇವತ್ತು ಸಾಂಬ್ರಾಣಿ ಬಂತು. ನಾಳೆ ಕೆಮ್ಮು ಬರುತ್ತೆ."

ಅವರು ಸ್ಟೂಲು ಹತ್ತಿ ಜಾಲರಿಗೆ ಕೈಯೊಡ್ಡಿ ನೋಡಿದರು. "ಸರಿ, ಜ್ವರದವರು ಹಿಂದಿನ ಕಟ್ಟಡಕ್ಕೆ ಹೋಗ್ಲಿ," ಎಂದರು. ನನಗೆ ಕುಣಿಯುವಷ್ಟು ಖುಷಿ.

ಸಂಜೆ ಹೊರಟಾಗ ಗೇಟಿನಲ್ಲಿ ಆಟೋ ನಿಂತಿತು. ಕರವಸ್ತ್ರದೊಳಗೆ ಕೆಮ್ಮುತ್ತ ಒಬ್ಬರು ಇಳಿದರು. ನಾಳೆಯವರೆಗೆ ಜ್ವರ ಕಾದಿರಲಿಲ್ಲ. "ಆ ಕಡೆ ಅಲ್ಲ ಸಾರ್, ಹಿಂದಿನ ಬಿಲ್ಡಿಂಗು," ಎಂದ ವಾಚ್‌ಮನ್. ತಿರುಗಿ ನೋಡಿದೆ. ಬಾಣಂತಿ ಕೋಣೆಯ ಕಿಟಕಿಯಲ್ಲಿ ಅಮ್ಮ, ಕುಲಾವಿ ತೊಟ್ಟ ಮಗುವಿನ ಪುಟ್ಟ ಕೈ ಹಿಡಿದು ನನಗೆ ಟಾಟಾ ಮಾಡಿಸುತ್ತಿದ್ದಳು.