ಅಭಿಜಿತ್ ಪಕ್ಕದ ಚುಕ್ಕಿ

ಹೋದ ತಿಂಗಳು ಪುಣೆಯ ನಮ್ಮ ಕಚೇರಿಯಲ್ಲಿ ಗೆಳತಿಯೊಬ್ಬಳು ಊಟದ ಡಬ್ಬಿ ತೆರೆದಾಗ ಗುರೆಳ್ಳು ಚಟ್ನಿಯ ವಾಸನೆ ಬಂತು. ಮುನವಳ್ಳಿಯ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಅಕ್ಕೋರು ರೊಟ್ಟಿಗೆ ಅದನ್ನೇ ಹಚ್ಚಿ, ಅರ್ಧ ಮುರಿದು ನನಗೆ ಕೊಡುತ್ತಿದ್ದರು...

ದೂರದರ್ಶಕದ ಚಿತ್ರಗಳಲ್ಲಿ ಗ್ರಹ ಹುಡುಕುವ ಕೆಲಸಕ್ಕೆ ನಾನು ಸೇರಿದಾಗ ನನಗಿಂತ ಹೆಚ್ಚು ಹಿಗ್ಗಿದವರು ಅವರು. ಅಭಿಜಿತ್ ನಮಗೆ ಹತ್ತಿರದ, ಬಹಳ ಪ್ರಖರವಾದ ನಕ್ಷತ್ರ. ಅದರ ಬೆಳಕನ್ನು ಮರೆಮಾಡಿದರಷ್ಟೇ ಪಕ್ಕದ ಮಂಕು ಗ್ರಹ ಕಂಡೀತು ಎಂದು ಫೋನಿನಲ್ಲಿ ವಿವರಿಸಿದೆ.

"ಸೂರ್ಯಗ ಅಂಗೈ ಅಡ್ಡ ಹಿಡದ್ರ ಬಾಜೂಕ ಹಾರೂ ಹಕ್ಕಿ ಕಾಣತೈತಲ್ಲ, ಹಂಗ ಅನ್ನು" ಎಂದು ನಕ್ಕರು.

ಒಂದು ಚಿತ್ರದಲ್ಲಿ ಚುಕ್ಕಿ ಕಂಡಿತು. ಅಭಿಜಿತ್‌ನ ಗ್ರಹವಾದರೆ ಅದರ ಜೊತೆಗೇ ಸರಿಯಬೇಕು; ಹಿಂದೆಲ್ಲೋ ದೂರದಲ್ಲಿರುವ ಬೇರೆ ನಕ್ಷತ್ರವಾದರೆ ಇದ್ದಲ್ಲೇ ಉಳಿಯುತ್ತದೆ. ಅದು ತಿಳಿಯಲು ಮರುವರ್ಷದ ಚಿತ್ರ ಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ. "ಗ್ರಹ ಸಿಕ್ಕೈತ್ರಿ ಅಕ್ಕೋರ" ಎಂದುಬಿಟ್ಟೆ. "ಖರೇನ?" ಎಂದು ಕೇಳಿದರು. "ಖರೇರಿ" ಎಂದೆ. ಮರುದಿನವೇ ಅವರು ಇಡೀ ಶಾಲೆಗೆ ಹೇಳಿದರು.

ಮರುವರ್ಷ ಅಭಿಜಿತ್ ಸರಿದಿತ್ತು. ಚುಕ್ಕಿ ಸರಿದಿರಲಿಲ್ಲ. ಅಕ್ಕೋರಿಗೆ ಫೋನು ಮಾಡಿ ತಿಳಿಸಿದೆ. "ಇರಲಿ ಬಿಡವಾ" ಎಂದರು.

ಆ ವರ್ಷ ಶಾಲೆಯ ಸಮಾರಂಭಕ್ಕೆ ನಾನೇ ಅತಿಥಿ. ಅಕ್ಕೋರು ಮೈಕಿನ ಮುಂದೆ ನಿಂತರು. "ಹೋದ ವರ್ಷ ಗ್ರಹ ಸಿಕ್ಕೈತಿ ಅಂತ ಹೇಳಿದ್ನಲ್ಲ, ಅದು ತಪ್ಪು. ಈಕಿ ಹೇಳಿದ್ದು ನನಗ ಸರಿ ತಿಳೀಲಿಲ್ಲ."

ಮಕ್ಕಳು ಕಿಸಕ್ಕನೆ ನಕ್ಕರು. ನನ್ನ ಪಕ್ಕದಲ್ಲಿದ್ದ ಮಾಸ್ತರರೊಬ್ಬರು, "ವಯಸ್ಸಾತ್ರಿ ಅವರಿಗೆ" ಎಂದು ಪಿಸುಗುಟ್ಟಿದರು. ನಾನು ಏಳಬೇಕಿತ್ತು. ಕೊರಳಲ್ಲಿ ಹಾರ ಹಾಕಿಕೊಂಡು ಕೂತೇ ಇದ್ದೆ. ನನ್ನ ಸರದಿ ಬಂದಾಗಲೂ ಪರಿಶ್ರಮ, ಛಲ ಎಂದೇನೇನೋ ಮಾತಾಡಿ ಇಳಿದೆ...

ಬಸ್ ನಿಲ್ದಾಣದಲ್ಲಿ ಕೇಳಿದೆ, "ಹಂಗ್ಯಾಕ ಹೇಳಿದ್ರಿ ಅಕ್ಕೋರ?"

"ನಂದು ನಿವೃತ್ತಿ ಹತ್ರ ಬಂತು. ನಿಂದು ಇನ್ನ ಶುರು ಆಗೈತಿ. ಬಸ್ ಬಂತು, ಹತ್ತು."

ಹತ್ತಿದೆ.

ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತು. ಕೊನೆಗೂ ಕಳೆದ ವಾರ ಮುನವಳ್ಳಿಗೆ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಕ್ಕಳ ಮುಂದೆ ನಿಂತೆ. ತಪ್ಪು ಹೇಳಿದವಳು ನಾನು, ಅಕ್ಕೋರು ಸರಿಯಾಗಿಯೇ ತಿಳಿದುಕೊಂಡಿದ್ದರು ಎಂದೆ. ಅಂದು ನಕ್ಕಿದ್ದ ಮಕ್ಕಳೆಲ್ಲ ಶಾಲೆ ಮುಗಿಸಿ ಹೋಗಿದ್ದರು. ಕೂತವರು ಮುಖ ಮುಖ ನೋಡಿಕೊಂಡರು.

ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೈ ಎತ್ತಿದಳು.

"ಯಾವ ಅಕ್ಕೋರ್ರಿ?"