ಪುಟ್ಟಿಯ ಒಸಡು, ನನ್ನ ಚಿರತೆ

ಕೇಳ್ರಪ್ಪಾ ಗೆಳೆಯರೇ, ಇವತ್ತು ಸರಸ್ವತಿಪುರಂನಲ್ಲಿ ಹಲ್ಲಿನ ಡಾಕ್ಟರ ಕುರ್ಚಿ ಮೇಲೆ ನನ್ನ ತಂಗಿ ಮಗಳು ಪುಟ್ಟಿ ಸೂಜಿಗೆ ಹೆದರಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು. ಡಾಕ್ಟರಮ್ಮ ಪುಸಲಾಯಿಸಿ ಒಸಡಿಗೆ ಜೋಮು ಹಿಡಿಸುವ ಮುಲಾಮು ಹಚ್ಚಿ, "ಎರಡು ನಿಮಿಷ ಏನಾದ್ರೂ ಹೇಳ್ತಿರಿ ಸಾರ್" ಅಂದರು.

ನನಗೆ ಅಷ್ಟೇ ಸಾಕಲ್ಲ! ಹಳ್ಳಿ ಸ್ಕೂಲಿಗೆ ಹೋಗುವಾಗ ಚಿರತೆಯನ್ನು ಸ್ಲೇಟಿನಲ್ಲಿ ಬಡಿದು ಓಡಿಸಿದ ಕತೆ ಶುರು ಮಾಡ್ಬುಟ್ಟೆ. ಪುಟ್ಟಿ ಬಾಯಿ ಬಿಟ್ಟುಕೊಂಡು ಕೇಳಿದಳು. ಡಾಕ್ಟರಮ್ಮ ಅವಳ ಕೆನ್ನೆ ಅಲುಗಿಸುತ್ತಾ ನಿಧಾನವಾಗಿ ಇಂಜೆಕ್ಷನ್ ಕೊಟ್ಟು ಮುಗಿಸಿದರು. ಅತ್ತಿದ್ದರೆ ಕೇಳಿ!

"ಮಾವ, ಹೋದ್ಸಲ ನಾಯಿ ಅಂದಿದ್ದೆ" ಅಂದಳು ಅಷ್ಟೇ.

ಹೊರಗೆ ಇನ್ನೊಂದು ಮಗು ಅಳುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ತಂಗಿ, ಇಷ್ಟು ವರ್ಷ ನನ್ನ ಸುಳ್ಳಿಗೆ ಬೈದುಕೊಂಡೇ ಬಂದವಳು, "ಅಣ್ಣ, ಪಾಪ, ಅದಕ್ಕೂ ಒಂಚೂರು ಹೇಳೋ" ಅಂದಳು.

ಬೇರೆಯವರ ಮಗು, ಚಿರತೆ ಸಾಲದು ಅಂತ ಹುಲಿಯನ್ನೇ ಓಡಿಸಿ ಬಂದೆ ಕಣ್ರೀ.